ಹಬ್ಬದ ಬೆಳಿಗ್ಗೆ ನಾನು ಗುಡಿಸಿದ್ದು

ಗ್ರೇಯಮ್ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು ಶಬಾನಾಳ ತಪ್ಪಿನಿಂದ ಅಲ್ಲ. ನನ್ನಿಂದ. ಅವಳು ಫುಟ್‌ಪಾತಿನ ಮೇಲೆ ಹಾಕಿದ್ದ ಜಲ್ಲಿಪುಡಿಯನ್ನು ಗುಡಿಸಿ ತೆಗೆದವಳು ನಾನು, ಅಲ್ಲಿ ನೀರು ಸುರಿದವಳು ನಾನು, ಆಮೇಲೆ ಎಲ್ಲರೂ ಅವಳ ಹೆಸರು ಹೇಳಿದಾಗ ಹೌದು ಎಂದವಳೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ಒಂದು ಸಬೂಬು ಹುಟ್ಟಿಕೊಳ್ಳುತ್ತದೆ. ನನ್ನನ್ನು ನಾನು ಬಲ್ಲೆ.

ಡ್ಯುನೆಡಿನ್ನಿನ ಒಂದು ಗುಡ್ಡದ ಬೀದಿಯಲ್ಲಿ ನಮ್ಮ ಮನೆ. ಬೀದಿ ಎಷ್ಟು ಕಡಿದಾಗಿದೆಯೆಂದರೆ, ಕೆಳಗಿನ ಡೇರಿ ಅಂಗಡಿಯಿಂದ ಹಾಲು, ಬ್ರೆಡ್ಡು ತರುವವರು ನಮ್ಮ ಗೇಟಿನ ಹತ್ತಿರ ಒಮ್ಮೆ ನಿಂತು ಉಸಿರು ತೆಗೆದುಕೊಂಡೇ ಮುಂದೆ ಹತ್ತುವುದು. ಚಳಿಗಾಲದಲ್ಲಿ ಒಂದೆರಡು ಸಲ ಹಿಮ ಬೀಳುತ್ತದೆ. ಬಿದ್ದ ದಿನ ಎಲ್ಲರಿಗೂ ಸಂಭ್ರಮ. ಮಕ್ಕಳು ರಟ್ಟಿನ ತುಂಡುಗಳ ಮೇಲೆ ಕೂತು ಜಾರುತ್ತಾರೆ. ಅಪಾಯ ಇರುವುದು ಮರುದಿನ, ಹಗಲಲ್ಲಿ ಕರಗಿದ್ದು ರಾತ್ರಿ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ಗಾಜಿನ ಹಾಗೆ ನೆಲಕ್ಕೆ ಅಂಟಿಕೊಂಡಾಗ. ದೊಡ್ಡ ರಸ್ತೆಗಳಿಗೆ ನಗರಸಭೆಯ ಗಾಡಿ ಬರುತ್ತದೆ. ನಮ್ಮ ಬೀದಿಯ ಫುಟ್‌ಪಾತಿಗೆ ನಾವೇ ದಿಕ್ಕು. ಅದಕ್ಕೆಂದೇ ಬೀದಿಯವರು ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದೆವು. ಮುಂದಾಳು ಜೂಡಿ, ನಿವೃತ್ತ ಮೇಷ್ಟ್ರಮ್ಮ, ಇವತ್ತಿಗೂ ಎಲ್ಲರನ್ನೂ ಎರಡನೇ ಕ್ಲಾಸಿನ ಮಕ್ಕಳಂತೆ ಕಾಣುವವರು. ಒಬ್ಬೊಬ್ಬರಿಗೆ ನಾಲ್ಕಾರು ಮನೆಗಳ ಉದ್ದದ ಫುಟ್‌ಪಾತು. ಸಲಿಕೆಯಿಂದ ಹಿಮ ಕೆರೆದು ಬದಿಗೆ ಹಾಕಬೇಕು. ಆಮೇಲೆ ಬೂಟಿಗೆ ಹಿಡಿತ ಸಿಗುವಂತೆ ಜಲ್ಲಿಪುಡಿ ಎರಚಬೇಕು. ಅದರ ಪೆಟ್ಟಿಗೆ ಬೀದಿಯ ಮೂಲೆಯಲ್ಲೇ ಇದೆ.

ಆ ವರ್ಷದ ಚಳಿಗಾಲ ಶುರುವಾದಾಗ ಸಮುದಾಯ ಭವನದಲ್ಲಿ ನಮಗೆಲ್ಲ ಕೆಲಸ ಹೇಳಿಕೊಡುತ್ತ ಜೂಡಿ ಬೆರಳೆತ್ತಿ ಹೇಳಿದ್ದರು: "ಏನಾದ್ರೂ ಮರೀರಿ, ಇದೊಂದು ಮರೀಬೇಡಿ. ನೀರು ಬೇಡ. ಬಿಸಿನೀರಂತೂ ಬೇಡವೇ ಬೇಡ. ಸುರಿದದ್ದೆಲ್ಲ ಐಸಾಗುತ್ತೆ."

ಪಕ್ಕದಲ್ಲಿ ಕೂತಿದ್ದ ಶಬಾನಾ ನನ್ನ ಕಿವಿಗೆ ಬಗ್ಗಿ, "ಅಕ್ಕಾ, ನಮ್ಮ ಮಂದಿಗೆ ಬಾಗಲಾಗ ನೀರ ಹಾಕಬ್ಯಾಡ್ರಿ ಅಂದ್ರ ಹೆಂಗ್ರೀ? ನಮ್ಮ ಓಣ್ಯಾಗ ಬಾಜೂಮನಿ ಕಮಲಕ್ಕ ಮುಂಜಾನೆದ್ದು ನೀರ ಹೊಡದು ರಂಗೋಲಿ ಹಾಕಲಿಲ್ಲಂದ್ರ ಚಾನೂ ಕುಡೀತಿರಲಿಲ್ಲ. ಆಕಿ ಇಲ್ಲಿ ಬಂದ್ರ ಇಡೀ ಬೀದಿ ಬೀಳಸ್ತಾಳ" ಎಂದು ನಕ್ಕಳು. ನಾನೂ ನಕ್ಕೆ. ಜೂಡಿ ನಮ್ಮಿಬ್ಬರನ್ನೂ ಗದರಿದರು.

ಶಬಾನಾ ಹುಬ್ಬಳ್ಳಿಯವಳು, ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಮನೆಯಿಂದ ಮೂರು ಮನೆ ಮೇಲೆ, ಇನ್ನಿಬ್ಬರು ನರ್ಸುಗಳ ಜೊತೆ ಬಾಡಿಗೆಗೆ ಇದ್ದಳು. ಗಂಡ ಇಮ್ತಿಯಾಜ್ ಇನ್ನೂ ಊರಿನಲ್ಲೇ ವೀಸಾ ಕಾಯುತ್ತಿದ್ದ. ಬಂದ ಹೊಸದರಲ್ಲಿ ಅವಳಿಗೆ ಇಲ್ಲಿ ಕನ್ನಡದಲ್ಲಿ ಮಾತಾಡಲು ಸಿಕ್ಕಿದವಳು ನಾನು. ಮೈಸೂರಿನವಳಾದ ನನ್ನ ಕನ್ನಡ ಅವಳಿಗೆ ತಮಾಷೆ, ಅವಳದು ನನಗೆ. ಗುಂಪಿಗೆ ಅವಳನ್ನು ಸೇರಿಸಿದವಳೂ ನಾನೇ. ಸೇರಿದ ಮೇಲೆ ಅವಳು ನನಗಿಂತ ಹೆಚ್ಚು ಅದನ್ನು ತನ್ನದಾಗಿ ಮಾಡಿಕೊಂಡಳು. ಬೀದಿಯ ಮುದುಕರೆಲ್ಲ ಅವಳನ್ನು ಹೆಸರು ಹಿಡಿದು ಕರೆಯತೊಡಗಿದರು. "ಈ ಊರಾಗ ನಾನೂ ಒಬ್ಬಾಕಿ ಅದೇನಿ ಅಂತ ಈಗ ಅನಸ್ತೈತಿ ಅಕ್ಕಾ" ಎಂದು ಒಮ್ಮೆ ಹೇಳಿದ್ದಳು. ಈ ಮಾತನ್ನು ನಾನು ಮರೆತಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮ ಶ್ರಾವಣ ಭೂಮಿಯ ಈ ದಕ್ಷಿಣ ತುದಿಯಲ್ಲಿ ಕಡು ಚಳಿಯಲ್ಲಿ ಬರುತ್ತದೆ. ಆ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ದಿನ ಹಿಮ ಬಿತ್ತು. ಗುರುವಾರ ಮಧ್ಯಾಹ್ನ ಗುಂಪಿನವರೆಲ್ಲ ಸಲಿಕೆ ಹಿಡಿದು ಹೊರಬಿದ್ದರು. ನಾನು ಹೋಗಲಿಲ್ಲ. ಒಬ್ಬಟ್ಟಿಗೆ ಹೂರಣ ರುಬ್ಬುವುದಿತ್ತು, ಮರುದಿನ ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಕರೆದಿದ್ದೆ, ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಜೂಡಿಗೆ ಹೇಳಿದಾಗ ಅವರು ನನ್ನ ಪಾಲಿನ ಫುಟ್‌ಪಾತನ್ನೂ ಶಬಾನಾಳಿಗೆ ಕೊಟ್ಟರು. ಹಿಂದಿನ ರಾತ್ರಿ ಡ್ಯೂಟಿ ಮಾಡಿ, ನಾಲ್ಕು ಗಳಿಗೆ ಮಲಗೆದ್ದು ಅವಳು ಬಂದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕೋಳಿಗಳಿಗೆ ಕಾಳು ಎರಚುವವಳ ಹಾಗೆ, ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು, ಒಂದಿಷ್ಟೂ ಜಾಗ ಬಿಡದೆ ಜಲ್ಲಿಪುಡಿ ಹಾಕುತ್ತಿದ್ದಳು. ಫುಟ್‌ಪಾತು ಮುಗಿದ ಮೇಲೆ ಕೇಳದಿದ್ದರೂ ನಮ್ಮ ಗೇಟಿನ ಒಳಗೆ ಬಂದು ಮೆಟ್ಟಿಲಿಗೂ ಹಾಕಿದಳು. ಬಾಗಿಲು ತೆಗೆದಾಗ, "ನಾಳೆ ನಿಮ್ಮನಿಗೆ ಮಂದಿ ಬರ್ತಾರಲ್ರೀ, ಸೀರಿ ಉಟಗೊಂಡು ಜಾರಿಬಿದ್ರ?" ಎಂದಳು. ಕಣ್ಣು ಕೆಂಪಾಗಿದ್ದವು. ಬಿಸಿ ಹೂರಣದ ಒಂದು ಉಂಡೆಯನ್ನು ಅವಳ ಕೈಗಿಟ್ಟೆ. ಕೈಗವಸು ಕಳಚದೆ ಹಾಗೇ ತಿಂದಳು.

ಶುಕ್ರವಾರ ಬೆಳಕು ಹರಿಯುವ ಮೊದಲೇ ಎದ್ದು ತಲೆಗೆ ನೀರು ಹಾಕಿಕೊಂಡೆ. ಬಾಗಿಲು ತೆಗೆದು ದೀಪ ಹಾಕಿದರೆ, ಮೆಟ್ಟಿಲಿನಿಂದ ಗೇಟಿನ ಆಚೆಯವರೆಗೆ ಕಪ್ಪು ಜಲ್ಲಿ, ಕೆಸರು ಮೆತ್ತಿದ ಬೂಟಿನ ಗುರುತು. ಲಕ್ಷ್ಮಿಯನ್ನು ಮನೆಗೆ ಕರೆಯುವ ದಿನ ಮುಂಬಾಗಿಲು ಹೀಗಿದೆಯಲ್ಲ ಎಂದು — ಇಲ್ಲ, ಅಷ್ಟು ಕೂಡ ಯೋಚಿಸಲಿಲ್ಲ. ಕೈ ಪೊರಕೆಗೆ ಹೋಯಿತು. ಮೆಟ್ಟಿಲು ಗುಡಿಸಿದೆ, ಗೇಟಿನ ಮುಂದೆ ಫುಟ್‌ಪಾತಿನ ಅಗಲಕ್ಕೂ ಗುಡಿಸಿದೆ, ಜಲ್ಲಿಯನ್ನೆಲ್ಲ ಮೊರದಲ್ಲಿ ಎತ್ತಿ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದೆ. ಆಮೇಲೆ ಬಚ್ಚಲಿನಿಂದ ಎರಡು ಬಕೆಟ್ ಬಿಸಿನೀರು ತಂದು ಸುರಿದೆ. ಹಬೆ ಎದ್ದಿತು. ಕಲ್ಲು ಮಿಂದಂತೆ ಹೊಳೆಯಿತು. ಮನಸ್ಸಿಗೆ ಹಿತವಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಉಷ್ಣಾಂಶ ನೋಡದೆ ಯಾವ ಬಾಟಲಿಯನ್ನೂ ಮುಟ್ಟುವುದಿಲ್ಲ. ಜೂಡಿಯ ಮಾತು ಕೇಳಿದ್ದೆ, ಕೇಳಿ ನಕ್ಕಿದ್ದೆ. ಗೊತ್ತಿರಲಿಲ್ಲ ಎನ್ನಲು ನನಗೆ ದಾರಿಯೇ ಇಲ್ಲ.

ಗೇಟಿನ ಒಳಗೆ, ಕೊನೆಯ ಮೆಟ್ಟಿಲಿನ ಕೆಳಗೆ ರಂಗೋಲಿ ಇಟ್ಟೆ. ಎಂಟು ಎಸಳಿನ ಕಮಲ. ಬೆರಳು ಮರಗಟ್ಟಿ ಪುಡಿ ನೆಟ್ಟಗೆ ಬೀಳುತ್ತಿರಲಿಲ್ಲ. ಇಟ್ಟು ಏಳುವಷ್ಟರಲ್ಲೇ ಮೊದಲ ಎಸಳು ನೀರಿನೊಳಗೆ ಸಿಕ್ಕಿಕೊಂಡಂತೆ ಗಟ್ಟಿಯಾಗಿತ್ತು. ಅದನ್ನು ಕಂಡೆ. ಕಂಡೂ ಒಳಗೆ ಹೋದೆ.

ಕಳಶಕ್ಕೆ ಸೀರೆ ಉಡಿಸುತ್ತಿದ್ದೆ. ಬೀದಿಯ ಕಡೆಯ ಕಿಟಕಿಯ ಪಕ್ಕದಲ್ಲೇ ಮಂಟಪ. ಹೊರಗೆ ಬಿಸಿಲು ಬಂದಿತ್ತು, ಶಾಖವಿಲ್ಲದ ಬಿಸಿಲು. ಮೇಲಿನಿಂದ ಗ್ರೇಯಮ್ ಇಳಿದು ಬರುವುದು ಕಂಡಿತು. ಅವರು ಎಪ್ಪತ್ತು ದಾಟಿದ ನಿವೃತ್ತ ಬಸ್ ಡ್ರೈವರ್. ಹಿಮ ಬಿದ್ದಾಗಲೆಲ್ಲ ಬೆಳಿಗ್ಗೆ ಒಂದು ಕೈಯಲ್ಲಿ ಜಲ್ಲಿ ಬಕೆಟ್, ಇನ್ನೊಂದರಲ್ಲಿ ಊರುಗೋಲು ಹಿಡಿದು ಬೀದಿಯುದ್ದಕ್ಕೂ ನಡೆದು, ಕಡಿಮೆ ಇದ್ದ ಕಡೆ ಒಂದೊಂದು ಮುಷ್ಟಿ ಹಾಕುತ್ತ ಬರುತ್ತಿದ್ದರು. ಬೇರೆಯವರ ಪಾಲಿನಲ್ಲಿ ಗೋಲೂರಿ ನಡೆಯುವವರು ಶಬಾನಾಳ ಪಾಲು ಬಂದರೆ ಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. "ನಮ್ಮ ನರ್ಸಮ್ಮ ಹಾಕಿದ ಕಡೆ ನಾನು ಕಣ್ಣು ಮುಚ್ಕೊಂಡು ನಡೀತೀನಿ" ಎನ್ನುವುದು ಅವರ ತಮಾಷೆ.

ಅಂದೂ ಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

ಈ ಗಳಿಗೆಯನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ನಮ್ಮ ಗೇಟಿನ ಮುಂದಿನ ಫುಟ್‌ಪಾತು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದು ನೀರಲ್ಲ ಎಂದು ನನಗೆ ತಿಳಿಯಿತು. ಆಗಲೇ ತಿಳಿಯಿತು, ಆಮೇಲೆ ಅಲ್ಲ. ಕಿಟಕಿಯ ಗಾಜನ್ನು ಬಡಿಯಬಹುದಿತ್ತು. ಬಾಗಿಲಿಗೆ ಓಡಿ ಕೂಗಬಹುದಿತ್ತು. ಕೂಗಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಜೂಡಿಯ ಬೆರಳು, ಗುಂಪಿನವರ ನಗೆ... ಏನಾಗಲ್ಲ, ಅವರಿಗೆ ಅಭ್ಯಾಸ ಇದೆ, ದಾಟಿಬಿಡುತ್ತಾರೆ... ಅಷ್ಟರಲ್ಲಿ ಗ್ರೇಯಮ್ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಅರಿಶಿನ ಮೆತ್ತಿದ ಕೈಯೆತ್ತಿ — ತಡೆಯಲಿಲ್ಲ, ಬೀಸಿದೆ. ದಿನವೂ ಬೀಸುವ ಹಾಗೆ. ಅವರೂ ಪ್ರತಿಯಾಗಿ ಕೈಯೆತ್ತಿದರು.

ಎರಡೂ ಕಾಲು ಒಟ್ಟಿಗೆ ಮೇಲೆ ಹೋದವು. ಬಕೆಟ್ಟು ಉರುಳಿದ ಸದ್ದು ಮುಚ್ಚಿದ ಕಿಟಕಿಯ ಒಳಗೂ ಕೇಳಿತು. ಬಿದ್ದವರು ಅಲ್ಲೇ ನಿಲ್ಲಲಿಲ್ಲ. ಇಳಿಜಾರು ಅವರನ್ನು ಎಳೆದುಕೊಂಡು ಹೋಯಿತು, ಫುಟ್‌ಪಾತಿನ ಅಂಚು ದಾಟಿ ರಸ್ತೆಗೆ. ಕೆಳಗಿನಿಂದ ಒಂದು ಯೂಟ್, ಹಿಂದೆ ಸಾಮಾನು ಹೇರುವಂಥ ಗಾಡಿ, ಏರಿ ಬರುತ್ತಿತ್ತು. ಡ್ರೈವರ್ ಬ್ರೇಕ್ ಒತ್ತಿದ. ಗಾಡಿಯ ಹಿಂಭಾಗ ಪಕ್ಕಕ್ಕೆ ಹೊರಳಿತು. ಚಕ್ರ ತಿರುಗದೆಯೇ ಗಾಡಿ ಜಾರಿತು. ಗ್ರೇಯಮ್ ಮಲಗಿದಲ್ಲೇ ಒಂದು ಕೈಯನ್ನು ಅದರ ಕಡೆ ಚಾಚಿದರು, ಅಷ್ಟು ದೊಡ್ಡ ಗಾಡಿಯನ್ನು ಅಂಗೈಯಿಂದ ತಡೆಯುವವರ ಹಾಗೆ. ಅದು ನಿಂತಿತು. ಅವರ ತಲೆಗೂ ಮುಂದಿನ ಚಕ್ರಕ್ಕೂ ನಡುವೆ ಒಂದು ತೋಳಿನಷ್ಟು ಜಾಗ.

ಇವತ್ತಿಗೂ ಬೆಳಿಗ್ಗೆ ಎಲ್ಲಾದರೂ ಬಕೆಟ್ ಬಿದ್ದ ಸದ್ದಾದರೆ ಕಿಟಕಿಗೆ ಓಡುತ್ತೇನೆ. ಕನಸಿನಲ್ಲಿ ಆ ಗಾಡಿ ನಿಲ್ಲುವುದಿಲ್ಲ.

ಡ್ರೈವರ್ ಇಳಿದು ಓಡಿದ. ಮನೆಮನೆಯ ಬಾಗಿಲು ತೆರೆದವು. ನಾನೂ ಓಡಿದೆ. ಆದರೆ ಗ್ರೇಯಮ್ ಕಡೆಗಲ್ಲ. ಮೊದಲು ಬಾಗಿಲ ಪಕ್ಕದ ರಟ್ಟಿನ ಪೆಟ್ಟಿಗೆಗೆ. ಎರಡು ಬೊಗಸೆ ಜಲ್ಲಿ ತೆಗೆದು, ಎಲ್ಲರ ಕಣ್ಣು ಅವರ ಮೇಲಿದ್ದಾಗ, ಆ ಹೊಳೆಯುವ ಜಾಗದ ಮೇಲೆ ಚೆಲ್ಲಿದೆ. ಇನ್ನೊಬ್ಬರು ಬೀಳದಿರಲಿ ಎಂದು ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಪೆಟ್ಟಿಗೆಯನ್ನೇ ಯಾಕೆ ಸುರಿಯಲಿಲ್ಲ? ಕಾಲಿನಿಂದ ಅದನ್ನು ಬಾಗಿಲ ಹಿಂದಕ್ಕೆ ಯಾಕೆ ತಳ್ಳಿದೆ?

ಆಂಬುಲೆನ್ಸ್ ಬರುವ ಹೊತ್ತಿಗೆ ಜೂಡಿ ಬಂದರು. ಗ್ರೇಯಮ್ ನೋವಿಗೆ ಹಲ್ಲು ಕಚ್ಚಿ ಮಲಗಿದ್ದರು, ಮುಖ ಸುಣ್ಣದಂತಾಗಿತ್ತು. ಜೂಡಿ ಫುಟ್‌ಪಾತನ್ನು ನೋಡಿದರು. ಐಸಿನ ಮೇಲೆ ಅಲ್ಲೊಂದು ಇಲ್ಲೊಂದು ಕಲ್ಲಿನ ಚೂರು. ಯಾರೋ ಕಾಟಾಚಾರಕ್ಕೆ ಕೆಲಸ ಮುಗಿಸಿದಂತೆ.

"ಇದು ಶಬಾನಾಳ ಪಾಲಲ್ವಾ?" ಎಂದರು.

ಆಗ ನಾನು ಹೇಳಿದ ಮಾತು ಇದು: "ಹೌದು. ಪಾಪ, ನೈಟ್ ಡ್ಯೂಟಿ ಮುಗಿಸಿ ಬಂದು ಮಾಡಿದ್ಲು. ತುಂಬಾ ಸುಸ್ತಾಗಿದ್ಲು."

ಒಂದು ಅಕ್ಷರವೂ ಸುಳ್ಳಲ್ಲ. ಅವಳ ಮೇಲಿನ ಕನಿಕರದಂತೆ ಕೇಳಿಸುವ ಮಾತು. ಜೂಡಿ ನಿಟ್ಟುಸಿರಿಟ್ಟು ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು. ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಅರಿಶಿನ ಕುಂಕುಮವನ್ನೂ ನಿಲ್ಲಿಸಲಿಲ್ಲ ನಾನು. ಸಂಜೆ ಹೆಂಗಸರು ಬಂದರು; ಅಷ್ಟರಲ್ಲಿ ಗುಂಪಿನವರು ನಮ್ಮ ಗೇಟಿನಾಚೆ ಬಕೆಟ್ಟುಗಟ್ಟಲೆ ಜಲ್ಲಿ ಸುರಿದಿದ್ದರು. ಒಬ್ಬಟ್ಟಿಗೆ ತುಪ್ಪ ಹಾಕುತ್ತ ಗ್ರೇಯಮ್ ಬಿದ್ದ ಕಥೆ ಹೇಳಿದೆ. "ಆ ನರ್ಸ್ ಹುಡುಗಿ ಅಲ್ವಾ? ಅಯ್ಯೋ, ಆಗದಿದ್ರೆ ಯಾಕೆ ಒಪ್ಕೋಬೇಕಿತ್ತು?" ಎಂದರು ಯಾರೋ. ನಾನು ಇನ್ನೊಂದು ಒಬ್ಬಟ್ಟು ಬಡಿಸಿದೆ.

ಶನಿವಾರ ಬೆಳಿಗ್ಗೆ ಶಬಾನಾ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಾಚೆಯೇ ನಿಂತಳು. ರಾತ್ರಿ ವಾರ್ಡಿಗೆ ಹೋಗಿ ಗ್ರೇಯಮ್ ಕೈ ಹಿಡಿದು ಕ್ಷಮೆ ಕೇಳಿ ಬಂದಿದ್ದಳಂತೆ. "ಐಸ್ ಅಂದ್ರೆ ಐಸೇ ಕಣಮ್ಮ" ಎಂದು ಅವರೇ ಇವಳನ್ನು ಸಮಾಧಾನ ಮಾಡಿದರಂತೆ. ಜೂಡಿ ಮಾತ್ರ, ಸ್ವಲ್ಪ ದಿನ ಈ ಕೆಲಸ ಬೇಡ, ವಿಶ್ರಾಂತಿ ತೊಗೋ ಎಂದಿದ್ದರು.

"ಅಕ್ಕಾ," ಎಂದಳು, "ನಾ ಚೊಲೋತ್ನಾಗ ಹಾಕಿದ್ನಿ ಅಂತ ನನಗ ನೆಪ್ಪೈತಿ. ಬಕೆಟ್ ಖಾಲಿ ಆಗಿ ಇನ್ನೊಂದು ತುಂಬಕೊಂಡ ಬಂದಿದ್ನಿ. ಆದ್ರ ಎಲ್ಲಾರೂ ಅಲ್ಲಿ ಜಲ್ಲಿ ಇರಲಿಲ್ಲ ಅಂತಾರ. ನಿದ್ದಿಗಣ್ಣಾಗ ಹಾಕೇನಿ ಅಂತ ಅನಿಸಿತೇನೋ... ನಂಗ ತಲಿನ ಓಡವಲ್ದು. ಹಿಂಗ ಡ್ಯೂಟ್ಯಾಗೂ ಔಷಧ ಕೊಟ್ಟೇನಿ ಅನ್ಕೊಂಡು ಕೊಡದ ಬಿಟ್ಟಿದ್ರ? ನೀವು ಕಿಟಕ್ಯಾಗಿಂದ ನೋಡಾಕತ್ತಿದ್ರಲ್ಲ. ಹೇಳ್ರಿ ಅಕ್ಕಾ. ನಾ ಹಾಕಿದ್ನಲ್ಲ?"

ಅವಳು ಕ್ಷಮೆ ಕೇಳಲು ಬಂದಿರಲಿಲ್ಲ, ಜಗಳಕ್ಕೂ ಅಲ್ಲ. ತನ್ನ ಕೈಯನ್ನು ತಾನು ನಂಬಬಹುದೇ ಎಂದು ಕೇಳಲು ಬಂದಿದ್ದಳು. ಈ ಲೋಕದಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಆ ರಟ್ಟಿನ ಪೆಟ್ಟಿಗೆ ಬಾಗಿಲ ಹಿಂದೆ, ನನ್ನ ಹಿಮ್ಮಡಿಗೆ ತಾಗುತ್ತಿತ್ತು.

"ಬಿಡು ಶಬಾನಾ, ಆದದ್ದಾಯ್ತು. ಅದನ್ನೇ ತಲೆಗೆ ಹಚ್ಕೋಬೇಡ" ಎಂದೆ.

ಅವಳು ತಿರುಗಿದಳು. ಹೊರಟವಳು ಕೊನೆಯ ಮೆಟ್ಟಿಲಿನಲ್ಲಿ ತಡೆದು ಕೆಳಗೆ ನೋಡಿದಳು. ನನ್ನ ಕಮಲ ಅಲ್ಲೇ ಇತ್ತು. ಅಳಿಸಿರಲಿಲ್ಲ, ಕದಡಿರಲಿಲ್ಲ, ತೆಳ್ಳಗಿನ ಐಸಿನ ಒಳಗೆ, ಗಾಜಿನ ಕಟ್ಟು ಹಾಕಿಸಿದ ಚಿತ್ರದಂತೆ ಎಂಟೂ ಎಸಳು ಬೆಳ್ಳಗೆ ಕಾಣುತ್ತಿದ್ದವು. ಇಲ್ಲಿಯವರು ಎಷ್ಟೋ ಜನ ಅದನ್ನು ನೋಡಿ ಚೆಂದ ಎಂದು ಹೋಗಿದ್ದರು. ಅವಳು ಬಗ್ಗಿ ಒಂದು ಬೆರಳಿನಿಂದ ಅದನ್ನು ಸವರಿದಳು. ಅಲ್ಲಿಂದ ಗೇಟಿನವರೆಗೆ, ಗೇಟಿನಿಂದ ಫುಟ್‌ಪಾತಿನವರೆಗೆ ಕಣ್ಣು ಹಾಯಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ಚೆಂದ ಬಂದೈತ್ರೀ ಅಕ್ಕಾ" ಎಂದಳು. ಅಷ್ಟೇ. ಹೋದಳು.

ಆಮೇಲೆ ಅವಳು ಗುಂಪಿಗೆ ಬರಲಿಲ್ಲ. ನಮ್ಮ ಮನೆಗೂ. ಮರುವರ್ಷ ಇಮ್ತಿಯಾಜ್ ಬಂದ ಮೇಲೆ ಇಬ್ಬರೂ ಆಕ್ಲೆಂಡಿನ ಹೆಂಡರ್ಸನ್ ಕಡೆಗೆ ಹೊರಟುಹೋದರು. ಗ್ರೇಯಮ್‌ಗೆ ಈ ಗುಡ್ಡ ಹತ್ತುವುದು ಆಗದಾಯಿತು. ನಲವತ್ತು ವರ್ಷ ಇದ್ದ ಮನೆ ಮಾರಿ ಲೋವರ್ ಹಟ್ ಎಂಬ ಊರಿನಲ್ಲಿರುವ ಮಗಳ ಮನೆ ಸೇರಿದರು. ನಾನು ಇಲ್ಲೇ ಉಳಿದೆ, ಗುಂಪಿನಲ್ಲೇ ಉಳಿದೆ. ಪ್ರತಿ ವರ್ಷ ವರಮಹಾಲಕ್ಷ್ಮಿಯ ದಿನ ಅವಳಿಂದ ಒಂದು ಸಾಲಿನ ಮೆಸೇಜು ಬರುತ್ತದೆ: "ಹಬ್ಬದ ಶುಭಾಶಯ ಅಕ್ಕಾ. ಹುಷಾರಾಗಿ ಅಡ್ಡಾಡ್ರಿ." ಅದರಲ್ಲಿ ಚುಚ್ಚು ಇದೆಯೋ ಪ್ರೀತಿ ಇದೆಯೋ ಎಂದು ಐದು ಚಳಿಗಾಲದಿಂದ ಓದುತ್ತಿದ್ದೇನೆ. ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತೇನೆ.

ಈ ವರ್ಷ ಜೂಡಿಗೆ ವಯಸ್ಸಾಯಿತು. ಹೊಸಬರಿಗೆ ಕಲಿಸುವ ಕೆಲಸ ನೀನು ಮಾಡು ಎಂದು ನನಗೆ ಒಪ್ಪಿಸಿದರು. "ನೀರು ಬೇಡ ಅನ್ನೋದು ಹೇಳು. ಆಮೇಲೆ ಗ್ರೇಯಮ್ ಕಥೆ ಹೇಳು. ಸುಸ್ತಾದವರು ಕೆಲಸಕ್ಕೆ ಬರಬಾರದು ಅಂತ ಆ ಹುಡುಗಿಯ ವಿಷಯ ಹೇಳಿದ್ರೇನೇ ಜನಕ್ಕೆ ನಾಟೋದು." ವರ್ಷವರ್ಷವೂ ಅವರು ಅದನ್ನು ಹೇಳುತ್ತಲೇ ಬಂದಿದ್ದರು, ನಾನು ಅದೇ ಭವನದಲ್ಲಿ ಕೂತು ಕೇಳುತ್ತಲೇ ಬಂದಿದ್ದೆ. ಅವಳ ಹೆಸರು ನಮ್ಮ ಬೀದಿಯ ಪಾಠವಾಗಿಬಿಟ್ಟಿತ್ತು. ಈಗ ಅದನ್ನು ನನ್ನ ಬಾಯಿಂದ ಹೇಳಬೇಕಾಗಿತ್ತು.

ಹೊಸಬರ ಮುಂದೆ ನಿಂತೆ. ನೀರು ಬೇಡ ಎಂದೆ. ಆಮೇಲೆ, ನೀರು ಹಾಕಿದವಳು ನಾನು ಎಂದೆ. ಉಳಿದದ್ದನ್ನೂ ಹೇಳಿದೆ. ಪೊರಕೆ, ಪೆಟ್ಟಿಗೆ, ಆ ಎರಡು ಬೊಗಸೆ.  ಜೂಡಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಅಲ್ಲಿಂದಲೇ ಕೇಳಿದರು: "ಶಬಾನಾಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ನನಗ್ಯಾಕೆ ಹೇಳ್ತಿದ್ದೀಯ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಆ ರಾತ್ರಿಯೇ ಗ್ರೇಯಮ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿದರು. ಹಿಂದೆ ಟೀವಿಯ ಸದ್ದಿತ್ತು, ಅದನ್ನು ಆರಿಸಿದರು. ಕೊನೆಗೆ, "ನೀನು ಅವತ್ತು ನನಗೆ ಕೈ ಬೀಸಿದ್ದೆ" ಎಂದರು. ನಾನು ಹೌದು ಎಂದೆ. ಅವರು ಫೋನಿಟ್ಟರು.

ಮುಂದಿನ ವಾರ ಆಕ್ಲೆಂಡಿಗೆ ಹೋಗುತ್ತಿದ್ದೇನೆ. ಶಬಾನಾಳಿಗೆ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅವಳಿಗೆ ಮುಖ ತೋರಿಸದೆ ಹೇಳಿ ಪಾರಾಗುವ ಆಸೆಯೇ ಬೇಡವೆನಿಸಿತು. ಬರುತ್ತೇನೆ ಎಂದಷ್ಟೇ ತಿಳಿಸಿದ್ದೇನೆ. "ಬರ್ರಿ" ಎಂದು ಉತ್ತರಿಸಿದ್ದಾಳೆ. ಅವಳಿಗೆ ಅಂದೇ ಎಲ್ಲ ಗೊತ್ತಾಗಿತ್ತೋ, ಇಲ್ಲವೇ ಇಷ್ಟು ವರ್ಷವೂ ಪ್ರತಿ ಡ್ಯೂಟಿಯಲ್ಲಿ ತನ್ನ ಕೈಯನ್ನು ತಾನೇ ಅನುಮಾನಿಸುತ್ತ ಔಷಧ ಕೊಟ್ಟಳೋ — ಯಾವುದು ನಿಜವಾದರೂ ನನಗೆ ತಲೆಯೆತ್ತುವ ದಾರಿಯಿಲ್ಲ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವ ಭಾರವೂ ಅವಳ ಮೇಲೆ ಬೀಳುತ್ತದೆ. ಅವಳು ಬಾಗಿಲು ಹಾಕಿಕೊಂಡರೆ ಹಿಂದಿರುಗಿ ಬರುತ್ತೇನೆ.

ನನ್ನ ಹೊಸ್ತಿಲಿನ ಹೊರಗೆ ನಿಂತು ಅವಳೊಂದು ಪ್ರಶ್ನೆ ಕೇಳಿದ್ದಳು. ಅವಳ ಹೊಸ್ತಿಲಿನ ಹೊರಗೆ ನಿಂತು ಅದಕ್ಕಷ್ಟೇ ಉತ್ತರ ಹೇಳಬೇಕು.

ಹೌದು ಶಬಾನಾ. ನೀನು ಹಾಕಿದ್ದೆ. ನಾನು ನೋಡಿದ್ದೆ.